ಮಲೆನಾಡಿನ ಹೈಸ್ಕೂಲಿಗೊಂದು ಹಳೆಯ ಎಂಜಿನ್ ಬೇಕು

ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ತಾಲೂಕುಗಳಲ್ಲಿ ಇಂದು ಒಂದು ಗೇಣು ರೈಲು ಹಳಿಯೂ ಇಲ್ಲ. ತರೀಕೆರೆಯಿಂದ ನರಸಿಂಹರಾಜಪುರಕ್ಕೆ ಹಿಂದೆ ಓಡುತ್ತಿದ್ದ ಕಿರುರೈಲು ಎಂದೋ ನಿಂತುಹೋಯಿತು. ಅಡಿಕೆ ಮಂಡಿಗೆ ಹೋಗಬೇಕಾದರೂ, ಮಕ್ಕಳು ಕಾಲೇಜಿಗೆ ಹೋಗಬೇಕಾದರೂ, ನಡುರಾತ್ರಿ ರೋಗಿಯನ್ನು ಶಿವಮೊಗ್ಗಕ್ಕೋ ಮಣಿಪಾಲಕ್ಕೋ ಸಾಗಿಸಬೇಕಾದರೂ ಇಲ್ಲಿ ಡೀಸೆಲ್ಲೋ ಪೆಟ್ರೋಲೋ ಉರಿಯಲೇಬೇಕು. ರಸ್ತೆ ಬಿಟ್ಟು ತೋಟಕ್ಕೆ ಇಳಿದರೂ ಅದೇ ಕಥೆ. ಕೊಳೆರೋಗಕ್ಕೆ ಬೋರ್ಡೋ ಹೊಡೆಯುವ ಪಂಪು, ಕಳೆ ಹೊಡೆಯುವ ಮಿಷನ್ನು, ಮರ ಕೊಯ್ಯುವ ಗರಗಸ, ಟಿಲ್ಲರು, ಮಳೆಗಾಲದಲ್ಲಿ ಕರೆಂಟು ಕೈಕೊಟ್ಟರೆ ಜನರೇಟರು. ಎಂಜಿನ್ನೇ ಇಲ್ಲದ ಮನೆ ಹುಡುಕುವುದು ಈ ಸೀಮೆಯಲ್ಲಿ ಕಷ್ಟ. ಎಂಜಿನ್ನಿನ ಒಳಗೆ ಏನು ನಡೆಯುತ್ತದೆಂದು ಹೇಳಬಲ್ಲ ಎಸ್ಸೆಸ್ಸೆಲ್ಸಿ ಪಾಸಾದವರನ್ನು ಹುಡುಕುವುದು ಇನ್ನೂ ಕಷ್ಟ. ಹೀಗಿರುವುದು ಸರಿಯಲ್ಲ ಎಂಬುದು ನನ್ನ ವಾದ. ಹೈಸ್ಕೂಲು ಮುಗಿಸುವ ಮೊದಲು ಈ ಮೂರು ತಾಲೂಕುಗಳ ಪ್ರತಿ ವಿದ್ಯಾರ್ಥಿಯೂ ಒಂದು ಕಾರಿನ ಎಂಜಿನ್ನನ್ನು ಪೂರ್ತಿ ಬಿಚ್ಚಿ, ಅಳೆದು, ಮರಳಿ ಜೋಡಿಸಿ, ಚಾಲೂ ಮಾಡಿರಬೇಕು. ಅದು ಅವರನ್ನೆಲ್ಲ ಮೆಕ್ಯಾನಿಕ್ ಮಾಡುವುದಕ್ಕಲ್ಲ. ವಿಜ್ಞಾನ ಕೈಗೆ ಹತ್ತುವುದಕ್ಕೆ, ಮತ್ತು ದುಡ್ಡು ಕೊಟ್ಟು ತಂದ ಯಂತ್ರಕ್ಕೆ ನಿಜವಾಗಿ ಯಜಮಾನರಾಗುವುದಕ್ಕೆ.

ಯಜಮಾನಿಕೆಯ ಮಾತು ಕೊಪ್ಪದವರಿಗೆ ಹೊಸತಲ್ಲ. ತಾವು ದುಡಿಯುತ್ತಿದ್ದ ಖಾಸಗಿ ಬಸ್ ಕಂಪನಿ ಬಾಗಿಲು ಹಾಕಿದಾಗ ಅಲ್ಲಿನ ಕಾರ್ಮಿಕರೇ ಸೇರಿ 1991ರಲ್ಲಿ ಸಹಕಾರ ಸಂಘ ಕಟ್ಟಿ ಬಸ್ಸು ಓಡಿಸಿದರು. ಅದೇ ಸಹಕಾರ ಸಾರಿಗೆ. ಬೆರಳೆಣಿಕೆಯ ಬಸ್ಸುಗಳಿಂದ ಶುರುವಾದದ್ದು ಎಪ್ಪತ್ತರ ಗಡಿ ದಾಟಿತು. ಸರ್ಕಾರಿ ಬಸ್ಸು ಮುಖ ಹಾಕದ ಊರುಗಳಿಗೂ ಅದು ಹೋಯಿತು, ಶಾಲಾ ಮಕ್ಕಳಿಗೆ ರಿಯಾಯಿತಿ ಪಾಸು ಕೊಟ್ಟಿತು. ಡೀಸೆಲ್ ಬೆಲೆ, ತೆರಿಗೆ, ವಿಮೆ, ಪೈಪೋಟಿ ಎಲ್ಲ ಒಟ್ಟಾಗಿ ಹಿಂಡಿದ ಮೇಲೆ 2020ರ ಫೆಬ್ರುವರಿಯಲ್ಲಿ ನಿಂತಿತು. ಈ ಕಥೆಯನ್ನು ಸಾಮಾನ್ಯವಾಗಿ ಸಹಕಾರ ಚಳವಳಿಯ ಏಳುಬೀಳಿನ ಕಥೆಯಾಗಿ ಹೇಳುತ್ತಾರೆ, ಹೇಳಬೇಕಾದದ್ದೇ. ಆದರೆ ಅದರಲ್ಲಿ ಕಣ್ಣಿಗೆ ಬೀಳದ ಇನ್ನೊಂದು ಎಳೆ ಇದೆ. ಘಟ್ಟದ ಏರು, ಮಳೆ, ಕೆಸರು, ಗುಂಡಿಗಳ ನಡುವೆ ಇಷ್ಟೊಂದು ಬಸ್ಸುಗಳನ್ನು ಸುಮಾರು ಮೂರು ದಶಕ ರಸ್ತೆಯ ಮೇಲೆ ಇಡಬೇಕಾದರೆ ಚಾಲಕ, ನಿರ್ವಾಹಕರಷ್ಟೇ ಸಾಲದು. ಎಂಜಿನ್ ಇಳಿಸಿ ಏರಿಸಬಲ್ಲ ಕೈಗಳು ಬೇಕು. ಆ ಕೈಗಳು ಅಲ್ಲಿ ಕೂಲಿಯಾಳಿನ ಕೈಗಳಾಗಿರಲಿಲ್ಲ, ಸಂಸ್ಥೆಯ ಪಾಲುದಾರರ ಕೈಗಳಾಗಿದ್ದವು. ಯಂತ್ರದ ಒಡೆತನ ಮತ್ತು ಯಂತ್ರದ ತಿಳಿವಳಿಕೆ ಒಂದೇ ಕಡೆ ಇರಬಹುದು ಎಂಬುದಕ್ಕೆ ಈ ಸೀಮೆ ಕೊಟ್ಟ ಅತ್ಯುತ್ತಮ ಸಾಕ್ಷ್ಯ ಅದು. ಸಂಸ್ಥೆ ನಷ್ಟಕ್ಕೆ ಬಿದ್ದದ್ದು ತಿಳಿವಳಿಕೆ ಸಾಲದೆ ಅಲ್ಲ. ಆದರೆ ಬಸ್ಸು ನಿಂತಾಗ ಆ ತಿಳಿವಳಿಕೆಯನ್ನು ದಾಖಲಿಸಿ ಮುಂದಿನವರಿಗೆ ದಾಟಿಸುವ ಏರ್ಪಾಡನ್ನು ಯಾವ ಶಾಲೆಯಿಂದಲೂ ನಾವು ನಿರೀಕ್ಷಿಸಲೇ ಇಲ್ಲ ಎಂಬುದು ಗಮನಿಸಬೇಕಾದ ಸಂಗತಿ.

ಎಂಜಿನ್ ಜೋಡಿಸುವುದೆಂದರೆ ಸ್ಪ್ಯಾನರ್ ತಿರುಗಿಸುವುದಲ್ಲವೇ, ಅದರಲ್ಲಿ ಕಲಿಯುವುದೇನು ಎಂದು ಕೇಳುವವರಿಗೆ ಒಂದು ಉದಾಹರಣೆ ಕೊಡುತ್ತೇನೆ. 1983ರಿಂದ 2014ರ ಆರಂಭದವರೆಗೆ ತಯಾರಾದ ಮಾರುತಿ 800ರ ಎಂಜಿನ್ ತೆಗೆದುಕೊಳ್ಳಿ. ಓಮ್ನಿಯಲ್ಲೂ ಇದ್ದದ್ದು ಅದೇ. ಮೂರು ಸಿಲಿಂಡರು. ಒಂದೊಂದರ ವ್ಯಾಸ 68.5 ಮಿಲಿಮೀಟರ್, ಪಿಸ್ಟನ್ ಮೇಲಿನಿಂದ ಕೆಳಕ್ಕೆ ಚಲಿಸುವ ದೂರ 72 ಮಿಲಿಮೀಟರ್. ಸಿಲಿಂಡರಿನ ಘನಫಲ ಕಂಡುಹಿಡಿಯುವ ಸೂತ್ರ ಹತ್ತನೇ ತರಗತಿಯಲ್ಲಿದೆ. ಮಕ್ಕಳು ಅದನ್ನು ನೀರಿನ ಟ್ಯಾಂಕು, ಡಬ್ಬಿಗಳ ಲೆಕ್ಕಕ್ಕೆ ಬಳಸಿ ಬೇಸತ್ತಿರುತ್ತಾರೆ. ಕ್ಯಾಲಿಪರ್ ಹಿಡಿದು ತಾವೇ ಅಳೆದ ಈ ಎರಡು ಅಂಕಿಗಳನ್ನು ಸೂತ್ರಕ್ಕೆ ಹಾಕಿ ಮೂರರಿಂದ ಗುಣಿಸಿದರೆ 796 ಘನ ಸೆಂಟಿಮೀಟರ್ ಬರುತ್ತದೆ, ಆರ್‌ಸಿ ಪುಸ್ತಕದಲ್ಲಿ ಇರುವುದೂ ಅದೇ. ಮುಂದಿನದು ಪಿಸ್ಟನ್ ರಿಂಗು. ಅದು ಪೂರ್ಣ ಬಳೆಯಲ್ಲ, ಒಂದು ಕಡೆ ಸೀಳಿರುತ್ತದೆ. ಸಿಲಿಂಡರಿನೊಳಗೆ ಕೂರಿಸಿದಾಗ ಆ ಸೀಳಿನ ಅಂತರ ಸುಮಾರು ಕಾಲು ಮಿಲಿಮೀಟರ್ ಇರಬೇಕು. ಏಕೆ? ರಿಂಗಿನ ಸುತ್ತಳತೆ ಸುಮಾರು 215 ಮಿಲಿಮೀಟರ್. ಎಂಜಿನ್ ಓಡುವಾಗ ಸಿಲಿಂಡರಿನ ಗೋಡೆಗಿಂತ ಅದು ನೂರು ಡಿಗ್ರಿ ಹೆಚ್ಚು ಕಾದರೆ, ಬೀಡುಕಬ್ಬಿಣದ ಹಿಗ್ಗುವಿಕೆಯ ಲೆಕ್ಕದಲ್ಲಿ ಅದು ಉದ್ದವಾಗುವುದು ಹೆಚ್ಚುಕಡಿಮೆ ಆ ಕಾಲು ಮಿಲಿಮೀಟರೇ. ಅಂತರ ಬಿಡದಿದ್ದರೆ ತುದಿಗಳು ಒಂದಕ್ಕೊಂದು ಗುದ್ದಿ ರಿಂಗು ಮುರಿಯುತ್ತದೆ, ಸಿಲಿಂಡರಿನ ಗೋಡೆ ಗೀರಿಹೋಗುತ್ತದೆ. ಹೆಚ್ಚು ಬಿಟ್ಟರೆ ಉರಿದ ಅನಿಲ ಕೆಳಗೆ ಸೋರಿ ಎಂಜಿನ್ ಬಲ ಕಳೆದುಕೊಳ್ಳುತ್ತದೆ, ಆಯಿಲ್ ಮೇಲೇರಿ ಉರಿದು ಸೈಲೆನ್ಸರಿನಲ್ಲಿ ನೀಲಿ ಹೊಗೆ ಕಾಣುತ್ತದೆ. ಕಾದಾಗ ಲೋಹ ಹಿಗ್ಗುತ್ತದೆ ಎಂದು ಪರೀಕ್ಷೆಯಲ್ಲಿ ಬರೆದು ಒಂದು ಅಂಕ ಗಿಟ್ಟಿಸುವುದಕ್ಕೂ, ಹಿಗ್ಗಲು ಎಷ್ಟು ಜಾಗ ಬಿಡಬೇಕೆಂದು ಫೀಲರ್ ಗೇಜಿನಲ್ಲಿ ಅಳೆದು ನಿರ್ಧರಿಸುವುದಕ್ಕೂ ಇರುವ ಅಂತರ ನೋಡಿ.

ಹೀಗೆ ಎಂಜಿನ್ನಿನ ಪ್ರತಿ ಭಾಗವೂ ಒಂದು ‘ಏಕೆ’ಗೆ ಉತ್ತರ. 1876ರಲ್ಲಿ ಜರ್ಮನಿಯ ನಿಕೋಲಸ್ ಆಟೋ ಯಶಸ್ವಿಯಾಗಿ ಓಡಿಸಿದ ನಾಲ್ಕು ಹೆಜ್ಜೆಯ ಕ್ರಮ ಇಂದಿಗೂ ಬದಲಾಗಿಲ್ಲ: ಎಳೆದುಕೊಳ್ಳುವುದು, ಒತ್ತುವುದು, ಉರಿಸುವುದು, ಹೊರದಬ್ಬುವುದು. ಇದಕ್ಕೆ ಪಿಸ್ಟನ್ನಿನ ಏರಿಳಿತವನ್ನು ತಿರುಗಾಟವಾಗಿಸುವ ಕ್ರ್ಯಾಂಕು ಎರಡು ಸುತ್ತು ತಿರುಗಬೇಕು. ವಾಲ್ವುಗಳನ್ನು ತೆರೆಯುವ ಕ್ಯಾಮು ಒಂದೇ ಸುತ್ತು. ಹಾಗಾಗಿಯೇ ಕ್ಯಾಮಿನ ಚಕ್ರಕ್ಕೆ ಕ್ರ್ಯಾಂಕಿನ ಚಕ್ರಕ್ಕಿಂತ ಎರಡರಷ್ಟು ಹಲ್ಲು. ಟೈಮಿಂಗ್ ಬೆಲ್ಟು ಒಂದು ಹಲ್ಲು ತಪ್ಪಿದರೆ ಗಾಡಿ ಏಕೆ ಎಳೆಯುವುದಿಲ್ಲ ಎಂಬುದು ಆಗ ಬಾಯಿಪಾಠವಿಲ್ಲದೆ ತಿಳಿಯುತ್ತದೆ. ಹೆಡ್ ಬೋಲ್ಟುಗಳನ್ನು ನಡುವಿನಿಂದ ಶುರುಮಾಡಿ ಹೊರಕ್ಕೆ, ಒಮ್ಮೆಗೇ ಅಲ್ಲದೆ ಹಂತಹಂತವಾಗಿ ಏಕೆ ಬಿಗಿಯಬೇಕು? ಗ್ಯಾಸ್ಕೆಟ್ ಎಲ್ಲ ಕಡೆ ಸಮನಾಗಿ ಒತ್ತಿಕೊಳ್ಳಲಿ, ಹೆಡ್ಡು ಸೊಟ್ಟಗಾಗದಿರಲಿ ಎಂದು. ಕ್ರ್ಯಾಂಕಿಗೂ ಬೇರಿಂಗಿಗೂ ನಡುವೆ ಕೂದಲೆಳೆಗಿಂತ ತೆಳುವಾದ ಸಂದಿ ಏಕೆ? ಲೋಹಕ್ಕೆ ಲೋಹ ತಾಗದಂತೆ ಆಯಿಲ್‌ನ ಪದರದ ಮೇಲೆ ಅದು ತೇಲಲಿ ಎಂದು. ಆಯಿಲ್ ಲೈಟು ಹತ್ತಿದ ಮೇಲೂ ಮನೆ ಮುಟ್ಟಿಸಿಬಿಡೋಣವೆಂದು ಹತ್ತು ಕಿಲೋಮೀಟರ್ ಓಡಿಸುವವರು ಈ ಸಂದಿಯನ್ನೊಮ್ಮೆ ಕಣ್ಣಾರೆ ಕಂಡಿದ್ದರೆ ಅಲ್ಲೇ ಗಾಡಿ ನಿಲ್ಲಿಸುತ್ತಿದ್ದರು.

ತೋಟದ ಮಿಷನ್ನುಗಳ ವಿಷಯದಲ್ಲಂತೂ ಈ ತಿಳಿವಳಿಕೆ ನೇರ ದುಡ್ಡಿನ ಪ್ರಶ್ನೆ. ಅವುಗಳಲ್ಲಿ ಹಲವಕ್ಕಿರುವ ಟೂ ಸ್ಟ್ರೋಕ್ ಎಂಜಿನ್ನಿಗೆ ಬೇರೆ ಆಯಿಲ್ ಚೇಂಬರು ಇಲ್ಲ. ಪೆಟ್ರೋಲಿನ ಜೊತೆ ಬೆರೆಸಿದ ಆಯಿಲೇ ಪಿಸ್ಟನ್ನಿಗೂ ಬೇರಿಂಗಿಗೂ ದಿಕ್ಕು. ಐವತ್ತಕ್ಕೆ ಒಂದು ಎಂದು ಕಂಪನಿ ಹೇಳಿದರೆ ಲೀಟರಿಗೆ 20 ಮಿಲಿಲೀಟರ್, ಇಪ್ಪತ್ತೈದಕ್ಕೆ ಒಂದು ಎಂದರೆ 40. ಅಂದಾಜಿನಲ್ಲಿ ಸುರಿದರೆ, ಇಲ್ಲವೇ ಫೋರ್ ಸ್ಟ್ರೋಕ್ ಮಿಷನ್ನಿನ ಬರೀ ಪೆಟ್ರೋಲನ್ನು ಇದಕ್ಕೆ ಹಾಕಿದರೆ ಪಿಸ್ಟನ್ ಸಿಲಿಂಡರಿಗೆ ಕಚ್ಚಿ ಮಿಷನ್ನು ಸೀಝ್ ಆಗುತ್ತದೆ. ಅದೂ ಆಗುವುದು ಮಳೆ ನಿಂತು ಬೋರ್ಡೋ ಹೊಡೆಯಲು ಎರಡು ದಿನ ಬಿಡುವು ಸಿಕ್ಕಾಗಲೇ! ಘಟ್ಟದ ರಸ್ತೆಯಲ್ಲಿ ಇದೇ ತಿಳಿವಳಿಕೆ ಜೀವದ ಪ್ರಶ್ನೆ. ಡೀಸೆಲ್ ಉಳಿಸಲೆಂದು ಆಗುಂಬೆಯ ತಿರುವುಗಳಲ್ಲೋ ಎಸ್.ಕೆ. ಬಾರ್ಡರ್ ದಾರಿಯ ಇಳಿಜಾರಿನಲ್ಲೋ ಎಂಜಿನ್ ಆಫ್ ಮಾಡಿ ಗಾಡಿ ಬಿಡುವ ಚಾಳಿ ಇದೆ. ಕಾರಿನ ಬ್ರೇಕಿಗೆ ನೆರವಾಗುವ ಬೂಸ್ಟರಿಗೆ ಬೇಕಾದ ನಿರ್ವಾತ, ಬಸ್ಸು ಲಾರಿಗಳ ಬ್ರೇಕಿಗೆ ಬೇಕಾದ ಗಾಳಿ, ಎರಡೂ ಬರುವುದು ಎಂಜಿನ್ ಓಡುತ್ತಿದ್ದಾಗ. ಆಫ್ ಆದ ಮೇಲೆ ನಾಲ್ಕಾರು ಸಲ ತುಳಿದರೆ ಕಾರಿನ ಪೆಡಲು ಕಲ್ಲಾಗುತ್ತದೆ. ಗೇರಿನಲ್ಲೇ ಇಳಿಸಿದರೆ ಎಂಜಿನ್ನೇ ಗಾಡಿಯನ್ನು ಹಿಡಿಯುತ್ತದೆ. ರಸ್ತೆ ಬದಿಯ ಎಚ್ಚರಿಕೆಯ ಫಲಕಕ್ಕಿಂತ ಈ ಕಾರಣ ತಿಳಿದ ಚಾಲಕ ಹೆಚ್ಚು ಸುರಕ್ಷಿತ.

ಹಾಗಾದರೆ ಇಷ್ಟು ದಿನ ಇದು ಶಾಲೆಗೆ ಏಕೆ ಬರಲಿಲ್ಲ? ಇಲ್ಲಿಯ ಬೆಳೆಗಳ ವಿಷಯದಲ್ಲಿ ನಾವು ಹೀಗೆ ಕೈಕಟ್ಟಿ ಕೂತಿರಲಿಲ್ಲ. ಕಾಫಿಯ ರೋಗ, ಕೀಟಗಳ ಕಾಟಕ್ಕೆ ಮದ್ದು ಹುಡುಕಲು ಮೈಸೂರು ಸರ್ಕಾರ 1925ರಲ್ಲೇ ಬಾಳೆಹೊನ್ನೂರಿನ ಬಳಿ ಪ್ರಯೋಗ ಕೇಂದ್ರ ತೆರೆಯಿತು. ಅದೇ ಬೆಳೆದು ಇಂದಿನ ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆಯಾಯಿತು. ಶೃಂಗೇರಿಯಲ್ಲಿ ಅಡಿಕೆಗೂ ಸಂಶೋಧನಾ ಕೇಂದ್ರವಿದೆ. ಗಿಡದ ವಿಜ್ಞಾನ ಊರಿನ ಸ್ವತ್ತು, ಯಂತ್ರದ ವಿಜ್ಞಾನ ಮಾತ್ರ ಪುಣೆ, ಚೆನ್ನೈನ ಕಾರ್ಖಾನೆಗಳ ಸ್ವತ್ತು ಎಂದು ಯಾರೂ ಬಾಯಿಬಿಟ್ಟು ಹೇಳಿಲ್ಲ, ಆದರೆ ನಡೆದುಕೊಂಡದ್ದು ಹಾಗೆಯೇ. ಮೈಸೂರಿನವರು ಹೀಗೆ ಯೋಚಿಸದ ಕಾಲವೂ ಇತ್ತು. ಸರ್ ಎಂ. ವಿಶ್ವೇಶ್ವರಯ್ಯನವರು 1930ರ ದಶಕದಲ್ಲಿ, ದಿವಾನಗಿರಿ ಬಿಟ್ಟು ಎಷ್ಟೋ ವರ್ಷದ ಮೇಲೆ, ಈ ದೇಶದಲ್ಲೇ ಕಾರು ತಯಾರಿಸುವ ಯೋಜನೆ ಹಿಡಿದು ಯುರೋಪು, ಅಮೆರಿಕ ಸುತ್ತಿ ಬಂದರು. ಮೈಸೂರು ಸಂಸ್ಥಾನ ಬೆಂಬಲಕ್ಕೆ ಸಿದ್ಧವಿದ್ದರೂ ಬ್ರಿಟಿಷ್ ಆಡಳಿತ ಒಲಿಯದೆ ಬೆಂಗಳೂರಿಗೆ ಆ ಕಾರ್ಖಾನೆ ಬರಲಿಲ್ಲ. ಅದೇ ಕನಸಿನ ಬೆನ್ನು ಹತ್ತಿದ್ದ ವಾಲ್‌ಚಂದ್ ಹೀರಾಚಂದ್ 1944ರಲ್ಲಿ ಮುಂಬೈಯಲ್ಲಿ ಪ್ರೀಮಿಯರ್ ಕಂಪನಿ ಶುರುಮಾಡಿದರು. ಕೈಕಸುಬು ಕಲಿಸಲೆಂದು ಬೆಂಗಳೂರಿನಲ್ಲಿ ಜಯಚಾಮರಾಜೇಂದ್ರ ಆಕ್ಯುಪೇಷನಲ್ ಇನ್‌ಸ್ಟಿಟ್ಯೂಟ್ ತಲೆಯೆತ್ತಿದ್ದರ ಹಿಂದೆಯೂ ವಿಶ್ವೇಶ್ವರಯ್ಯನವರೇ ಇದ್ದರು. ನಾವು ಪ್ರತಿ ಸೆಪ್ಟೆಂಬರಿನಲ್ಲಿ ಅವರ ಫೋಟೋಕ್ಕೆ ಹಾರ ಹಾಕುತ್ತೇವೆ, ಎಂಜಿನಿಯರಿಂಗ್ ಸೀಟಿಗೆ ಮಕ್ಕಳನ್ನು ಸಾಲುಗಟ್ಟಿಸುತ್ತೇವೆ. ಆ ಸೀಟು ಸಿಕ್ಕ ಮಗು ಒಂದು ನಟ್ಟನ್ನೂ ಬಿಚ್ಚದೆ ಅಲ್ಲಿಗೆ ಹೋಗಿರುತ್ತದೆ.

ಈ ವಾದಕ್ಕೆ ಎದುರಾಗುವ ಮೊದಲ ಆಕ್ಷೇಪ ಎಲ್ಲರ ನಾಲಿಗೆಯ ತುದಿಯಲ್ಲೂ ಇದೆ: ಬರುವುದು ಬ್ಯಾಟರಿ ಗಾಡಿಗಳ ಕಾಲ, ಸಾಯುತ್ತಿರುವ ಎಂಜಿನ್ನಿನ ಪಾಠ ಯಾಕೆ? ಆಕ್ಷೇಪದಲ್ಲಿ ಸತ್ಯವಿದೆ. ಇಂದು ಒಂಬತ್ತನೇ ತರಗತಿಯಲ್ಲಿರುವ ಮಗು ನಲವತ್ತು ದಾಟುವ ಹೊತ್ತಿಗೆ ಹೊಸ ಕಾರುಗಳಲ್ಲಿ ಪಿಸ್ಟನ್ ಅಪರೂಪವಾಗಿರಬಹುದು. ಆದರೆ ಮಲೆನಾಡಿನ ಮನೆಗಳು ಯಂತ್ರವನ್ನು ಬೇಗ ಎಸೆಯುವ ಪೈಕಿಯಲ್ಲ. ಮೂವತ್ತು ವರ್ಷ ಹಳೆಯ ಜೀಪು ಇಲ್ಲಿ ಇನ್ನೂ ಗೊಬ್ಬರ ಹೊರುತ್ತದೆ. ಟ್ರ್ಯಾಕ್ಟರು, ಟಿಪ್ಪರು, ಟಿಲ್ಲರುಗಳು ಬ್ಯಾಟರಿಗೆ ಹೊರಳಲು ನಗರದ ಸ್ಕೂಟರಿಗಿಂತ ಬಹಳ ಹೆಚ್ಚು ಕಾಲ ಹಿಡಿಯುತ್ತದೆ. ಅದಕ್ಕಿಂತ ಮುಖ್ಯವಾದದ್ದು ಬೇರೆ. ಅಳೆಯುವುದು, ಹಿಗ್ಗಿಗೆ ಜಾಗ ಬಿಡುವುದು, ಹೇಳಿದಷ್ಟೇ ಬಿಗಿಯುವುದು, ಬೇರಿಂಗಿನ ಸದ್ದಿನಲ್ಲಿ ಸವೆತ ಗುರುತಿಸುವುದು, ಶಾಖ ಎಲ್ಲಿ ಹುಟ್ಟಿ ಎಲ್ಲಿಂದ ಹೊರಹೋಗುತ್ತದೆಂದು ಬೆನ್ನುಹತ್ತುವುದು, ಇವು ಬ್ಯಾಟರಿ ಗಾಡಿಗೂ ಬೇಕಾದ ವಿದ್ಯೆಗಳೇ. ಮೋಟಾರನ್ನು ಬಿಚ್ಚಿದರೆ ಕಾಣುವುದು ತಾಮ್ರದ ತಂತಿ ಮತ್ತು ಅಯಸ್ಕಾಂತ. ಕಾರಣದಿಂದ ಕಾರ್ಯಕ್ಕೆ ಸಾಗುವ ಸರಪಳಿ ಅಲ್ಲಿ ಕಣ್ಣಿಗೆ ಕಾಣದು. ಎಂಜಿನ್ನಿನಲ್ಲಿ ಅದು ಕಬ್ಬಿಣದಲ್ಲಿ ಎರಕ ಹೊಯ್ದಂತೆ ಎದುರಿಗಿರುತ್ತದೆ. ಹಾಗಾಗಿ ಕಲಿಕೆ ಎಂಜಿನ್ನಿನಿಂದ ಶುರುವಾಗಲಿ, ಪಕ್ಕದ ಮೇಜಿನ ಮೇಲೆ ಒಂದು ಮೋಟಾರೂ ಇರಲಿ. ಅದಕ್ಕೆ ನನ್ನ ತಕರಾರಿಲ್ಲ.

ಎರಡನೆಯ ಆಕ್ಷೇಪ ಇನ್ನೂ ಗಟ್ಟಿಯಾದದ್ದು. 2020ರ ಏಪ್ರಿಲ್ 1ರಿಂದ ವಾಹನಗಳ ಹೊಗೆಗೆ ಮಿತಿ ಹಾಕುವ ಬಿಎಸ್-6 ನಿಯಮ ಬಂದ ಮೇಲೆ, ಅಂದರೆ ಸಹಕಾರ ಸಾರಿಗೆ ನಿಂತ ಎರಡು ತಿಂಗಳೊಳಗೆ, ಹೊಸ ಗಾಡಿಗಳ ಎಂಜಿನ್ ಕಂಪ್ಯೂಟರಿನ ಕೈಗೆ ಇನ್ನಷ್ಟು ಹೋಯಿತು. ಸೆನ್ಸರು, ಎಂಜಿನ್ ನಿಯಂತ್ರಿಸುವ ಇಸಿಯು, ದೋಷ ಓದುವ ಸ್ಕ್ಯಾನರು ಇಲ್ಲದೆ ಮುಟ್ಟುವಂತಿಲ್ಲ. ಕಾರ್ಬುರೇಟರಿನ ಕಾಲದ ಎಂಜಿನ್ ಬಿಚ್ಚಿ ಏನು ಕಲಿತಂತಾಯಿತು ಎನ್ನುತ್ತಾರೆ. ಸ್ಕ್ಯಾನರು ಏನು ಹೇಳುತ್ತದೆ ನೋಡೋಣ. ಪಿ0301 ಎಂಬ ಸಂಕೇತ ತೋರಿಸಿತೆನ್ನಿ. ಒಂದನೇ ಸಿಲಿಂಡರು ಸರಿಯಾಗಿ ಉರಿಯುತ್ತಿಲ್ಲ ಎಂದು ಅದರ ಅರ್ಥ, ಅಷ್ಟೇ. ಪ್ಲಗ್ ಕೆಟ್ಟಿದೆಯೋ, ಕಾಯಿಲ್ ಹೋಗಿದೆಯೋ, ಇಂಜೆಕ್ಟರ್ ಕಟ್ಟಿದೆಯೋ, ವಾಲ್ವು ಸೋರುತ್ತಿದೆಯೋ, ರಿಂಗು ಸವೆದಿದೆಯೋ ಅದಕ್ಕೆ ಗೊತ್ತಿಲ್ಲ. ಪ್ಲಗ್ ಅದಲುಬದಲು ಮಾಡಿ ನೋಡುವುದು, ಕಂಪ್ರೆಷನ್ ಅಳೆಯುವುದು, ಸಿಲಿಂಡರಿಗೆ ಒಂದಿಷ್ಟು ಆಯಿಲ್ ಬಿಟ್ಟು ಮತ್ತೆ ಅಳೆದು ರಿಂಗೋ ವಾಲ್ವೋ ಎಂದು ಬೇರ್ಪಡಿಸುವುದು ಮನುಷ್ಯನ ಕೆಲಸ, ಮತ್ತು ಇದು ಶುದ್ಧ ವೈಜ್ಞಾನಿಕ ವಿಧಾನ: ಊಹೆ, ಪರೀಕ್ಷೆ, ತಿದ್ದುಪಡಿ. ಇದು ಗೊತ್ತಿಲ್ಲದ ಗ್ಯಾರೇಜಿನಲ್ಲಿ ಸಂಕೇತ ಬಂದ ಕೂಡಲೇ ಒಂದೊಂದೇ ಬಿಡಿಭಾಗ ಬದಲಾಗುತ್ತ ಹೋಗುತ್ತದೆ, ಬಿಲ್ಲು ಬೆಳೆಯುತ್ತ ಹೋಗುತ್ತದೆ. ಗಾಡಿಯವನಿಗೆ ಗೊತ್ತಿದ್ದರೆ ಕನಿಷ್ಠ ಪ್ರಶ್ನೆ ಕೇಳಿಯಾನು. ಕ್ರ್ಯಾಂಕು ಮುಟ್ಟದ ಹಾಫ್ ಎಂಜಿನ್ ಕೆಲಸ ಸಾಕೋ, ಕ್ರ್ಯಾಂಕಿನವರೆಗಿನ ಫುಲ್ ಬೇಕೋ ಎಂಬ ಒಂದೇ ಪ್ರಶ್ನೆಗೆ ಸರಿಯುತ್ತರ ಸಿಕ್ಕರೆ ಉಳಿಯುವ ಹಣ ಸಣ್ಣದಲ್ಲ.

ಇನ್ನೊಂದು ಮಾತನ್ನು ಜನ ಎದುರಿಗೆ ಹೇಳುವುದಿಲ್ಲ, ಆದರೆ ನಿರ್ಧಾರ ಮಾಡುವುದು ಅದೇ. ಗ್ರೀಸ್ ಮೆತ್ತಿದ ಕೈ ಓದಿನಲ್ಲಿ ಹಿಂದುಳಿದವರದ್ದು, ಓದುವ ಮಕ್ಕಳದ್ದಲ್ಲ. ಹೆಣ್ಣುಮಕ್ಕಳದ್ದಂತೂ ಅಲ್ಲವೇ ಅಲ್ಲ. ಈ ಮೇಲರಿಮೆಗೆ ನಾವು ದುಬಾರಿ ಬೆಲೆ ತೆರುತ್ತಿದ್ದೇವೆ. ಗ್ಯಾರೇಜಿಗೆ ಸೇರುವ ಹುಡುಗ ಕೈ ಪಳಗಿಸಿಕೊಳ್ಳುತ್ತಾನೆ, ಕಾರಣ ಕೇಳಿದರೆ ಬೈಸಿಕೊಳ್ಳುತ್ತಾನೆ. ಕಾಲೇಜಿಗೆ ಹೋಗುವವನು ಕಾರಣ ಬರೆಯುತ್ತಾನೆ, ಕೈ ಪಳಗುವುದಿಲ್ಲ. ಎರಡೂ ಒಬ್ಬರಲ್ಲೇ ಸೇರಿದರೆ ಏನಾಗುತ್ತದೆಂಬುದಕ್ಕೆ ಘಟ್ಟದ ಕೆಳಗೇ ಉದಾಹರಣೆ ಇದೆ. ಬಂಟ್ವಾಳ ತಾಲೂಕಿನ ಸಜಿಪಮೂಡದ ಕೃಷಿಕ ಗಣಪತಿ ಭಟ್ಟರು ಸಣ್ಣ ಟೂ ಸ್ಟ್ರೋಕ್ ಎಂಜಿನ್ ಅಳವಡಿಸಿ, ಅಡಿಕೆ ಮರವನ್ನು ಕೂತುಕೊಂಡೇ ಹತ್ತುವ ಬೈಕು ರೂಪಿಸಿದರು. 2019ರಲ್ಲಿ ಅದರ ವಿಡಿಯೊ ದೇಶವೆಲ್ಲ ಓಡಾಡಿತು. ಕೊನೆ ಕೊಯ್ಯಲು ಆಳು ಸಿಗದ ಸಂಕಟ ಕೊಪ್ಪ, ಶೃಂಗೇರಿಯ ತೋಟಗಳಿಗೂ ಇದೆ. ನೆಲದಲ್ಲಿ ಕೆಲಸ ಮಾಡುವ ಎಂಜಿನ್ನನ್ನು ಮರದ ಮೇಲಕ್ಕೆ ಒಯ್ಯಬಹುದೆಂದು ತೋಚುವುದು ಎಂಜಿನ್ನೆಂದರೆ ಏನು ಮಾಡಬಲ್ಲದು, ಏನು ಮಾಡಲಾರದು ಎಂದು ಗೊತ್ತಿದ್ದವರಿಗೆ ಮಾತ್ರ. ಇನ್ನು ಹೆಣ್ಣುಮಕ್ಕಳ ಮಾತು. ತೋಟದ ಪಂಪು ಚಾಲೂ ಮಾಡುವವರು, ಸ್ಕೂಟರಿನಲ್ಲಿ ಮಕ್ಕಳನ್ನು ಶಾಲೆಗೆ ಬಿಡುವವರು ಅವರೇ ಆಗಿರುವಾಗ ಎಂಜಿನ್ನಿನ ಪಾಠದಿಂದ ಅವರನ್ನು ಹೊರಗಿಡಲು ಯಾವ ಸಮರ್ಥನೆಯೂ ಇಲ್ಲ.

ಹೊಸ ಕಾನೂನು, ಹೊಸ ಇಲಾಖೆ ಏನೂ ಬೇಕಿಲ್ಲ. ರಾಜ್ಯದ ಆಯ್ದ ಪ್ರೌಢಶಾಲೆಗಳಲ್ಲಿ ರಾಷ್ಟ್ರೀಯ ಕೌಶಲ ಅರ್ಹತಾ ಚೌಕಟ್ಟಿನ (ಎನ್‌ಎಸ್‌ಕ್ಯೂಎಫ್) ಅಡಿಯಲ್ಲಿ ಒಂಬತ್ತು, ಹತ್ತನೇ ತರಗತಿಗೆ ಆಟೊಮೊಬೈಲ್ ಒಂದು ವಿಷಯವಾಗಿ ಈಗಾಗಲೇ ಇದೆ. ಬಿಡದಿಯಲ್ಲಿ ಟೊಯೊಟಾ ಸಂಸ್ಥೆ 2007ರಿಂದ ನಡೆಸುತ್ತಿರುವ ತರಬೇತಿ ಶಾಲೆ ಎಸ್ಸೆಸ್ಸೆಲ್ಸಿ ಮುಗಿಸಿದ ಹಳ್ಳಿಯ ಮಕ್ಕಳನ್ನೇ ಆರಿಸಿ ಮೂರು ವರ್ಷ ಅಲ್ಲೇ ಇರಿಸಿಕೊಂಡು ಕಲಿಸುತ್ತದೆ. ಹಳ್ಳಿಯ ಮಕ್ಕಳಿಗೆ ಇದು ಹತ್ತುವುದಿಲ್ಲ ಎಂಬ ಮಾತಿಗೆ ಅಲ್ಲೇ ಉತ್ತರವಿದೆ. 150 ಸರ್ಕಾರಿ ಐಟಿಐಗಳನ್ನು ಸುಮಾರು 4,700 ಕೋಟಿ ರೂಪಾಯಿಯಲ್ಲಿ ಮೇಲ್ದರ್ಜೆಗೇರಿಸಿದ ಯೋಜನೆ 2022ರ ಜೂನ್‌ನಲ್ಲಿ ಉದ್ಘಾಟನೆಯಾಯಿತು. ರೋಬೋಟು, ಬ್ಯಾಟರಿ ವಾಹನಗಳ ಹೊಸ ಕೋರ್ಸುಗಳಿಗೆ ನನ್ನ ಸ್ವಾಗತವಿದೆ. ಆದರೆ ಐಟಿಐಗೆ ಹೋಗುವವರು ಮೊದಲೇ ಆ ದಾರಿ ಹಿಡಿದವರು. ನಾನು ಹೇಳುತ್ತಿರುವುದು ಮುಂದೆ ಬಿ.ಕಾಂ. ಓದುವವಳು, ಅಪ್ಪನ ತೋಟ ನೋಡಿಕೊಳ್ಳುವವನು, ಪುರೋಹಿತನಾಗುವವನು ಎಲ್ಲರಿಗೂ ಕೂಡಿದ ಪಾಠದ ಮಾತು. ಅದಕ್ಕೆ ಬೇಕಾದದ್ದು ಗುಜರಿಯಿಂದ ತಂದ ಒಂದು ಓಮ್ನಿ ಎಂಜಿನ್, ಅದನ್ನು ನಿಲ್ಲಿಸಲು ಕಬ್ಬಿಣದ ಸ್ಟ್ಯಾಂಡು, ಸ್ಪ್ಯಾನರ್ ಸೆಟ್ಟು, ಫೀಲರ್ ಗೇಜು, ಕ್ಯಾಲಿಪರು, ಒಂದು ಟಾರ್ಕ್ ರೆಂಚು. ಬಹುಪಾಲು ಹೊತ್ತು ಎಂಜಿನ್ ಓಡುವುದೇ ಇಲ್ಲ, ಬಿಚ್ಚಿಕೊಂಡು ಮೇಜಿನ ಮೇಲಿರುತ್ತದೆ, ಹಾಗಾಗಿ ಅಪಾಯ ರಸಾಯನಶಾಸ್ತ್ರದ ಲ್ಯಾಬಿಗಿಂತ ಹೆಚ್ಚೇನಲ್ಲ. ಚಾಲೂ ಮಾಡುವ ದಿನ ಬಯಲಿನಲ್ಲಿ, ಮೇಷ್ಟ್ರ ಎದುರಿಗೆ.

ಕಲಿಸುವವರು ಯಾರು ಎಂಬುದು ನಿಜವಾದ ತೊಡಕು. ವಿಜ್ಞಾನದ ಮೇಷ್ಟ್ರಿಗೆ ಕಾರಣ ಗೊತ್ತು, ರಿಂಗು ಕೂರಿಸಿ ಗೊತ್ತಿಲ್ಲ. ಬಸ್ಸು, ಜೀಪುಗಳ ಕೆಲಸದಲ್ಲಿ ಬದುಕು ಸವೆಸಿದ ಹಿರಿಯ ಮೆಕ್ಯಾನಿಕ್ಕುಗಳಿಗೆ ಕೂರಿಸಿ ಗೊತ್ತು, ಅವರ ಬಳಿ ಬಿ.ಇಡಿ. ಇಲ್ಲ. ಇಬ್ಬರನ್ನೂ ಒಂದೇ ಮೇಜಿಗೆ ಕೂಡಿಸಬೇಕು: ವಾರಕ್ಕೆ ಎರಡು ಪೀರಿಯಡ್ಡು, ಮೆಕ್ಯಾನಿಕ್ಕಿಗೆ ಅತಿಥಿ ಶಿಕ್ಷಕರಿಗೆ ಸಲ್ಲುವ ಗೌರವಧನ, ಮತ್ತು ಹಾಜರಿ ಪುಸ್ತಕದಲ್ಲಿ ಅವರ ಹೆಸರಿನ ಮುಂದೆ ಶಿಕ್ಷಕ ಎಂಬ ಪದವಿ. ಸಹಕಾರ ಸಾರಿಗೆಯಂಥ ಕಡೆ ಪಳಗಿದವರು ಇನ್ನೂ ಈ ಊರುಗಳಲ್ಲೇ ಇರುವಾಗ ಇದು ಆಗಬೇಕು; ಇನ್ನು ಹತ್ತು ವರ್ಷ ತಡಮಾಡಿದರೆ ಅವರನ್ನು ಹುಡುಕುವುದೂ ಕಷ್ಟ. ಪರೀಕ್ಷೆಗೆ ಪ್ರಶ್ನೆಪತ್ರಿಕೆ ಬೇಡ. ಬಿಚ್ಚಿದ ಎಂಜಿನ್ನನ್ನು ನಾಲ್ವರ ತಂಡಕ್ಕೆ ಒಪ್ಪಿಸಿ, ಜೋಡಿಸಿ ಓಡಿಸಿದ ಮೇಲೆ ಪ್ರತಿ ಮಗುವೂ ತಾನು ಬಿಗಿದ ಯಾವುದಾದರೂ ಮೂರು ಭಾಗಗಳ ಅಳತೆ ಮತ್ತು ಆ ಅಳತೆಗೆ ಕಾರಣವನ್ನು ತನ್ನದೇ ಕನ್ನಡದಲ್ಲಿ ಬರೆಯಲಿ. ಮೂರು ತಾಲೂಕುಗಳಲ್ಲಿ ಒಂದೊಂದು ಸರ್ಕಾರಿ ಪ್ರೌಢಶಾಲೆಯನ್ನು ಆರಿಸಿಕೊಂಡು ಮುಂದಿನ ಜೂನ್‌ನಲ್ಲೇ ಶುರುಮಾಡಲು ಜಿಲ್ಲಾ ಪಂಚಾಯಿತಿಗೆ ಅಡ್ಡಿಯೇನಿದೆ ಎಂದು ಈ ಊರುಗಳ ಶಾಲಾಭಿವೃದ್ಧಿ ಸಮಿತಿಗಳು ಕೇಳಬೇಕು.